ಒಂದು ನೆವ ಸಿಕ್ಕರೆ ಸಾಕು, ಹೊರಟೇಬಿಡುತ್ತೇವೆ

ಪ್ರವಾಸದ ಮಾತೆತ್ತಿದರೆ ನಮ್ಮ ಮನೆಯಲ್ಲಿ ಮೊದಲು ಶುರುವಾಗುತ್ತಿದ್ದುದು ಜಗಳ. ಯಾರಿಗೆ ಯಾವಾಗ ರಜೆ, ಎಷ್ಟು ಖರ್ಚು, ಮಾವನವರ ಮೊಣಕಾಲು ಅಷ್ಟು ಮೆಟ್ಟಿಲು ಹತ್ತೀತೇ ಎಂಬ ಲೆಕ್ಕಾಚಾರದಲ್ಲೇ ದೀಪಾವಳಿ ಮುಗಿದು ಯುಗಾದಿ ಬಂದಿರುತ್ತಿತ್ತು. ನಾನು ಹುಬ್ಬಳ್ಳಿಯ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವವಳು. ವರ್ಷವಿಡೀ ಅಂಕಿ ಕೂಡಿಸಿ ಕಳೆದು, ಮನೆಗೆ ಬಂದು ಮತ್ತೆ ಹೋಟೆಲ್ಲು, ಟಿಕೆಟ್ಟುಗಳ ಲೆಕ್ಕ ಹಾಕುವ ಹುಮ್ಮಸ್ಸು ನನಗಂತೂ ಇರಲಿಲ್ಲ. ಹಾಗಾಗಿ ದೊಡ್ಡ ಪ್ರವಾಸವನ್ನು ಅದರ ಪಾಡಿಗೆ ಬಿಟ್ಟು, ಸಣ್ಣ ಕೆಲಸದ ನೆವ ಮಾಡಿಕೊಂಡು ಅರ್ಧ ದಿನ ಹೊರಗೆ ಹೋಗಿ ಬರುವುದನ್ನು ರೂಢಿ ಮಾಡಿಕೊಂಡೆ.

ನೆವ ಬೇಕೇ ಬೇಕು. ಸುಮ್ಮನೆ ತಿರುಗಾಡಿ ಬರೋಣ ಎಂದರೆ ಮಾವನವರು ಕುರ್ಚಿ ಬಿಟ್ಟು ಏಳುವುದಿಲ್ಲ. ಅದೇ, "ಮಾವಾ, ಧಾರವಾಡದ ಲೈನ್ ಬಜಾರಿನಿಂದ ಪೇಢಾ ತರಬೇಕು, ಯಾವುದು ಒಳ್ಳೆಯದು ಎಂದು ನೀವೇ ನೋಡಿ ಹೇಳಬೇಕು" ಎಂದರೆ ನಾನು ಸೀರೆ ಉಟ್ಟು ಬರುವಷ್ಟರಲ್ಲಿ ಟೊಪ್ಪಿಗೆ ಹಾಕಿಕೊಂಡು ಅಂಗಳದಲ್ಲಿ ನಿಂತಿರುತ್ತಾರೆ.

ಮೊದಲ ನೆವ ಒದಗಿಸಿದ್ದು ರೈಲು ನಿಲ್ದಾಣ. ಮಾವನವರು ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದವರು. ಇಲ್ಲಿನ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದವಾದದ್ದು, 1507 ಮೀಟರ್. ಇದನ್ನು ನೋಡಲು ದೂರದವರು ಬರುತ್ತಾರೆ, ಊರಿನಲ್ಲೇ ಇರುವ ನಾವು ರೈಲು ಹಿಡಿಯುವ ಗಡಿಬಿಡಿಯಲ್ಲಿ ಬಿಟ್ಟರೆ ಅತ್ತ ಕಣ್ಣು ಹಾಯಿಸಿರಲಿಲ್ಲ. ಒಂದು ಸಂಜೆ ಪ್ಲಾಟ್‌ಫಾರ್ಮ್ ಟಿಕೆಟ್ ಕೊಂಡು ಈ ತುದಿಯಿಂದ ಆ ತುದಿಯವರೆಗೆ ನಡೆಯುವುದೆಂದು ಹೊರಟೆವು. ಸಮತಟ್ಟಾದ ನೆಲ, ದಣಿದರೆ ಕೂರಲು ಬೆಂಚು. ಮೊಣಕಾಲಿನವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿಲ್ಲ. ಗೋರಖಪುರದ ಪ್ಲಾಟ್‌ಫಾರ್ಮ್ 1366 ಮೀಟರ್, ಮೊದಲು ಅದೇ ಉದ್ದವಾಗಿತ್ತು ಎಂದು ಮಾವನವರು ದಾರಿಯುದ್ದಕ್ಕೂ ಹೇಳಿದರು, ನನಗೂ ಹೇಳಿದರು, ಪಕ್ಕದಲ್ಲಿ ಕುಳಿತ ಅಪರಿಚಿತರಿಗೂ ಹೇಳಿದರು. ಒಂದು ಗೂಡ್ಸ್ ಗಾಡಿ ಬಂದಾಗ ಮಾತು ನಿಲ್ಲಿಸಿ ಕಿವಿಗೊಟ್ಟರು. ಕೊನೆಯ ಡಬ್ಬಿ ದಾಟಿದ ಮೇಲೆ, "ನಡುವೆ ಒಂದು ಗಾಲಿ ಸವೆದಿದೆ, ಬಡಿಯುವ ಸದ್ದು ಕೇಳಿಸಿತೇ?" ಎಂದರು. ನನಗೇನೂ ಕೇಳಿಸಿರಲಿಲ್ಲ. ಇಷ್ಟು ವರ್ಷ ಅವರ ಜೊತೆ ಒಂದೇ ಮನೆಯಲ್ಲಿದ್ದೂ ಅವರ ಕೆಲಸದ ಬಗ್ಗೆ ನಾನು ಕೇಳಿದ್ದು ಆ ಸಂಜೆಯೇ ಹೆಚ್ಚು. ಚಹಾ ಕುಡಿದು ಮನೆಗೆ ಬಂದಾಗ ಇನ್ನೂ ರೊಟ್ಟಿ ಬಡಿಯುವ ಹೊತ್ತೂ ಆಗಿರಲಿಲ್ಲ.

ಧಾರವಾಡಕ್ಕೆ ಹೋಗುವುದಾದರೆ ಚಿಗರಿ ಬಸ್ ಇದೆ. ತನ್ನದೇ ದಾರಿಯಲ್ಲಿ ಓಡುವುದರಿಂದ ವಾಹನಗಳ ದಟ್ಟಣೆಯ ಚಿಂತೆಯಿಲ್ಲ. ಪೇಢಾ ಕೊಳ್ಳುವಾಗ ನನ್ನದೊಂದು ಕಟ್ಟುನಿಟ್ಟು: ಪಾವು ಕಿಲೋ ಮಾತ್ರ, ಅಲ್ಲೇ ತಿಂದು ಮುಗಿಯುವಷ್ಟು. ಪೇಢಾ ತರುತ್ತೇವೆ ಎಂದು ಮೊದಲೇ ಹೇಳಿದರೆ ಬೆಂಗಳೂರಿನ ನಾದಿನಿಯಿಂದ ಹಿಡಿದು ಎದುರು ಮನೆಯವರವರೆಗೆ ಎಲ್ಲರ ಪಟ್ಟಿ ಬರುತ್ತದೆ. ಆಮೇಲೆ ಅದು ವಿಹಾರವಲ್ಲ, ಹಮಾಲಿ. ಪೊಟ್ಟಣ ಹಿಡಿದು ಸಾಧನಕೇರಿಗೆ ಹೋಗಿ ಕೆರೆಯ ದಂಡೆಯಲ್ಲಿ ಕೂರುತ್ತೇವೆ. ಎದುರಿಗೇ ಬೇಂದ್ರೆಯವರ ಮನೆ. ಸಕ್ಕರೆ ಪುಡಿಯಲ್ಲಿ ಹೊರಳಿದ ಕಂದು ಪೇಢಾವನ್ನು ಮಾವನವರು ಕಚ್ಚುವುದಿಲ್ಲ, ಚೂರು ಚೂರೇ ಮುರಿದು ನಾಲಿಗೆಯ ಮೇಲಿಟ್ಟು ಕರಗಿಸುತ್ತಾರೆ. ಬೆರಳಿಗೆ ಅಂಟಿದ್ದನ್ನೂ ಬಿಡುವುದಿಲ್ಲ. ವೈದ್ಯರು ಬೇಡ ಎಂದಿದ್ದಾರೆ ನಿಜ. ಅದಕ್ಕೇ ಪಾವು ಕಿಲೋ, ಅದಕ್ಕೇ ಎಂದಾದರೊಮ್ಮೆ.

ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಗೂ ಹೀಗೆಯೇ ಹೋಗಿದ್ದೇವೆ. ಚಾಲುಕ್ಯರ ಕಾಲದ ಗುಡಿ, ನಾಲ್ಕು ದಿಕ್ಕಿಗೂ ಬಾಗಿಲು. ಉಣಕಲ್ ಕೆರೆ ನೋಡಿದವರು ಗುಡಿ ನೋಡದೆ ಹೋಗುವುದೇ ಹೆಚ್ಚು.

ಹೊರಗೆ ಹೋಗಲಾಗದ ಮಳೆಯ ದಿನ ಗಿರಮಿಟ್ಟೇ ನಮ್ಮ ವಿಹಾರ. ಈರುಳ್ಳಿ, ಹಸಿಮೆಣಸಿನಕಾಯಿ, ಟೊಮೆಟೊ ಒಗ್ಗರಣೆಯಲ್ಲಿ ಬಾಡಿಸಿ, ಅರಿಸಿನ ಹಾಕಿ, ಹುಣಸೆರಸ, ಬೆಲ್ಲ ಸೇರಿಸಿ ಗಟ್ಟಿಯಾಗುವವರೆಗೆ ಕುದಿಸಬೇಕು. ಇಷ್ಟನ್ನು ಮೊದಲೇ ಮಾಡಿಟ್ಟುಕೊಳ್ಳಬಹುದು. ಆದರೆ ಚುರುಮುರಿ, ಪುಟಾಣಿ ಹಿಟ್ಟು ಬೆರೆಸುವುದು ಎಲ್ಲರೂ ತಾಟು ಹಿಡಿದು ಕುಳಿತ ಮೇಲೆಯೇ. ಬೆರೆಸಿದ ಒಂದೆರಡು ನಿಮಿಷದಲ್ಲಿ ಚುರುಮುರಿ ಮೆತ್ತಗಾಗುತ್ತದೆ, ಆಮೇಲೆ ಅದಕ್ಕೆ ಅರ್ಥವಿಲ್ಲ. ಯಜಮಾನರು ಫೋನಿನಲ್ಲಿ ಮಾತನಾಡುತ್ತಿದ್ದರೆ ನಾನು ಬೆರೆಸುವುದೇ ಇಲ್ಲ. ಮಿರ್ಚಿ ಭಜಿಯನ್ನು ಮಾತ್ರ ಓಣಿಯ ತುದಿಯ ಗಾಡಿಯಿಂದ ತರಿಸುತ್ತೇನೆ. ಆ ರುಚಿ ನನ್ನ ಬಾಣಲೆಗೆ ದಕ್ಕಿಲ್ಲ.

ಇವೆಲ್ಲಕ್ಕಿಂತ ದೂರ ಹೋಗಿದ್ದೆಂದರೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ. ಗದಗಿನಿಂದ ಸುಮಾರು 26 ಕಿಲೋಮೀಟರ್. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ನನ್ನದೂ ಅತ್ತೆಯವರದೂ ಶೂನ್ಯ ಟಿಕೆಟ್, ದುಡ್ಡು ತೆರುವವರು ಗಂಡಸರಿಬ್ಬರು. ಭಾನುವಾರ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಶನಿವಾರದ ಮೊದಲ ಬಸ್ ವಾಸಿ. ಕಟ್ಟಿಕೊಂಡಿದ್ದು ಕಟಕ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು.

ಚಳಿಗಾಲದಲ್ಲಿ ಅಲ್ಲಿಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ. ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ; ದಂಡೆಯಿಂದ ಬರಿಗಣ್ಣಿಗೆ ಅಷ್ಟು ಕಾಣುವುದಿಲ್ಲ, ಸಾಧಾರಣ ದುರ್ಬೀನು ಇದ್ದರೂ ಸಾಕು. 2024ರಲ್ಲಿ ಈ ಕೆರೆ ರಾಮ್‌ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು. ನಾವು ತಲುಪಿದಾಗ ಸುತ್ತಲಿನ ಹೊಲಗಳಲ್ಲಿ ಮೇಯ್ದ ಹಕ್ಕಿಗಳು ಗುಂಪುಗುಂಪಾಗಿ ಮರಳುತ್ತಿದ್ದವು. ನೀರಿಗೆ ಇಳಿಯುವ ಮುನ್ನ ಕಾಲು ಮುಂದೆ ಚಾಚಿ, ರೆಕ್ಕೆ ಹಿಂದಕ್ಕೆ ಬಾಗಿಸಿ, ಜಾರಿ ಬಿದ್ದೇ ಬಿಟ್ಟವು ಎನ್ನುವಾಗ ತಡೆದು ಕೂರುತ್ತವೆ. ಒಂದು ಗುಂಪು ಕುಳಿತರೆ ಮೊದಲೇ ಕುಳಿತವು ಜಾಗಕ್ಕಾಗಿ ಗದರುತ್ತವೆ. "ನಮ್ಮ ಗದಗ ಬಸ್ಸಿನ ಹಾಗೆಯೇ" ಎಂದು ಅತ್ತೆ ನಕ್ಕರು. ಅಲ್ಲಿಂದ ಲಕ್ಕುಂಡಿಗೂ ಹೋಗಿಬಿಡೋಣ, ಇಷ್ಟು ದೂರ ಬಂದಿದ್ದೇವಲ್ಲ ಎಂದು ಯಜಮಾನರು ಶುರುಮಾಡಿದರು. ನಾನು ಒಪ್ಪಲಿಲ್ಲ. ಒಂದು ದಿನಕ್ಕೆ ಒಂದೇ ಜಾಗ ಎನ್ನುವುದರಲ್ಲಿ ನಾನು ಹಟಮಾರಿ. ಎರಡನೆಯದನ್ನು ಸೇರಿಸಿದ ಕ್ಷಣದಿಂದ ಎಲ್ಲರೂ ಗಡಿಯಾರ ನೋಡತೊಡಗುತ್ತಾರೆ, ಹಕ್ಕಿಯನ್ನಲ್ಲ. ಲಕ್ಕುಂಡಿಯ ಮುಸುಕಿನ ಬಾವಿ ಎಲ್ಲಿಗೂ ಹೋಗುವುದಿಲ್ಲ, ಅದಕ್ಕೆ ಇನ್ನೊಂದು ಶನಿವಾರ.

ಸದ್ಯದ ನೆವ ಮೆಣಸಿನಕಾಯಿ. ವರ್ಷದ ಖಾರದ ಪುಡಿಗೆ ಬ್ಯಾಡಗಿಗೇ ಹೋಗಿ ತರೋಣ ಎಂದಿದ್ದೇನೆ. ಗಿಡ್ಡಗೆ ದಪ್ಪಗಿರುವ ಡಬ್ಬಿಯೇ ಬಣ್ಣಕ್ಕೆ ಮೇಲು ಎಂದು ಅತ್ತೆ, ಉದ್ದನೆಯ ಕಡ್ಡಿಯೇ ಸಾಕು ಎಂದು ಮಾವ; ಎರಡನ್ನೂ ಒಂದೊಂದು ಕಿಲೋ ತಂದರೆ ಮುಗಿಯಿತು. ರೈಲಿನ ಸಮಯ ವಿಚಾರಿಸುವುದು ಮಾವನವರ ಪಾಲು. ಎಲ್ಲರೂ ಮೂಗಿಗೆ ಕಟ್ಟಿಕೊಳ್ಳಲು ಒಂದು ವಸ್ತ್ರ ಇಟ್ಟುಕೊಳ್ಳಬೇಕು, ಮಾರುಕಟ್ಟೆಯ ಆ ಘಾಟಿಗೆ ಸೀನು ತಡೆಯುವುದಿಲ್ಲ.