20ರ ಗೆರೆ, 8 ಯೂನಿಟ್

ಮಂಗಳೂರಿನಲ್ಲಿ ನರ್ಸಿಂಗ್ ಮಕ್ಕಳಿಗೆ ವಾರ್ಡಿನಲ್ಲಿ ಕಲಿಸುವ ಕೆಲಸ ನನ್ನದು. ಒಂದು ಬೆಳಿಗ್ಗೆ, ತಿಂಡಿ ಬರುವ ಹೊತ್ತಿಗೆ, ಎರಡನೇ ವರ್ಷದ ಹುಡುಗಿಯೊಬ್ಬಳು ಇನ್ಸುಲಿನ್ ತುಂಬಿಸಿ ತೋರಿಸಲು ತಂದಳು. ಚಾರ್ಟಿನಲ್ಲಿ 20 ಯೂನಿಟ್. ಸಿರಿಂಜಿನಲ್ಲೂ ಸರಿಯಾಗಿ 20ರ ಗೆರೆ, ಒಂದು ಗುಳ್ಳೆಯೂ ಇಲ್ಲ. ಆದರೆ ಸಿರಿಂಜಿನ ಕ್ಯಾಪ್ ಕಿತ್ತಳೆ ಬಣ್ಣದ್ದು. ಇನ್ಸುಲಿನ್‌ನ ಪುಟ್ಟ ಬಾಟಲಿ, ಅಂದರೆ ವಯಲ್, ತಿರುಗಿಸಿ ನೋಡಿದೆ. ಎಂ.ಎಲ್.ಗೆ 40 ಯೂನಿಟ್.

ಕಿತ್ತಳೆ ಕ್ಯಾಪಿನ ಸಿರಿಂಜು ಎಂ.ಎಲ್.ಗೆ 100 ಯೂನಿಟ್ ಇರುವ ಇನ್ಸುಲಿನ್‌ಗೆ, ಕೆಂಪು ಕ್ಯಾಪಿನದ್ದು 40ಕ್ಕೆ. ಅವಳು ಎಳೆದದ್ದು 0.2 ಎಂ.ಎಲ್., ಅಂದರೆ ಬರೀ 8 ಯೂನಿಟ್. ಇದೇ ಉಲ್ಟಾ ಆಗಿ, 100ರ ಇನ್ಸುಲಿನ್ ಕೆಂಪು ಕ್ಯಾಪಿನ ಸಿರಿಂಜಿಗೆ ಬಂದಿದ್ದರೆ, ಅದೇ ಗೆರೆಗೆ 50 ಯೂನಿಟ್ ಹೋಗುತ್ತಿತ್ತು. ಶುಗರ್ ಕುಸಿದು ರೋಗಿ ಪ್ರಜ್ಞೆ ತಪ್ಪಲು ಅಷ್ಟು ಸಾಕು.

ಸರಿಯಾದ ರೋಗಿ, ಔಷಧಿ, ಡೋಸ್, ಕೊಡುವ ದಾರಿ, ಹೊತ್ತು ಎಂದು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದ ಹುಡುಗಿ ಅವಳು. ಬೈಯಲು ಮನಸ್ಸು ಬರಲಿಲ್ಲ. ಎರಡು ಸಿರಿಂಜನ್ನೂ ಪಕ್ಕಪಕ್ಕ ಇಟ್ಟು ನಾನೇ ತೋರಿಸಿರಲಿಲ್ಲ, ಅಲ್ವಾ?

ಅಂದಿನಿಂದ ಬಾಯಿಪಾಠ ಒಪ್ಪಿಸಿಕೊಳ್ಳುವುದನ್ನು ನಿಲ್ಲಿಸಿದೆ. ಖಾಲಿ ವಯಲ್‌ಗಳಿಗೆ ನೀರು ತುಂಬಿ, ‘ಕಲಿಕೆಗೆ ಮಾತ್ರ’ ಎಂದು ದಪ್ಪಗೆ ಬರೆದು, ಎರಡೂ ಬಗೆಯ ಸಿರಿಂಜುಗಳ ಜೊತೆ ಒಂದೇ ಟ್ರೇಯಲ್ಲಿ ಇಡುತ್ತೇನೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಕೂಡ ಹಾಗೇ. ಎಂ.ಎಲ್.ಗೆ 1000 ಯೂನಿಟ್‌ನದ್ದೂ ಇರುತ್ತದೆ, 5000ದ್ದೂ ಇರುತ್ತದೆ. ತುಂಬಿಸುವಾಗ ಬೇಕೆಂದೇ ಮಧ್ಯೆ ಮಾತಾಡಿಸುತ್ತೇನೆ. ವಾರ್ಡಿನಲ್ಲಿ ಯಾರಾದರೂ ಕರೆಯುತ್ತಲೇ ಇರುತ್ತಾರೆ. ‘ಒಂದು ನಿಮಿಷ ಮೇಡಂ’ ಎಂದು ಕಣ್ಣು ಎತ್ತದೆ ಹೇಳಿದವರಿಗೆ ಜಾಸ್ತಿ ಮಾರ್ಕು. ಡ್ರಿಪ್ ಲೆಕ್ಕವೂ ಗಡಿಯಾರ ನೋಡಿಕೊಂಡೇ. 500 ಎಂ.ಎಲ್. 4 ಗಂಟೆಯಲ್ಲಿ ಹೋಗಬೇಕಾದರೆ ಎಂ.ಎಲ್.ಗೆ 20 ಹನಿ ಬೀಳುವ ಸೆಟ್ಟಿನಲ್ಲಿ ನಿಮಿಷಕ್ಕೆ ಸುಮಾರು 42 ಹನಿ. ಎಣಿಸಿ ನಿಲ್ಲಿಸಬೇಕು.

ನಮ್ಮ ಕಡೆ ಇನ್ನೊಂದು ತೊಡಕು. ಒಂದೇ ವಾರ್ಡಿನಲ್ಲಿ ಇಬ್ಬರು ಸುಶೀಲಾ ಇರಬಹುದು. ‘ನೀವು ಸುಶೀಲಾ ತಾನೆ?’ ಅಂದರೆ ಕಿವಿ ಮಂದವಾದ ಅಜ್ಜಿ ಸುಮ್ನೆ ತುಳುವಿನಲ್ಲಿ ‘ಅಂದ್’, ಅಂದರೆ ಹೌದು, ಅನ್ನುತ್ತಾರೆ. ಹೆಸರು ಅವರ ಬಾಯಿಂದಲೇ ಬರಬೇಕು. ಅದಕ್ಕೇ ಕೇರಳದಿಂದ ಬಂದ ಮಕ್ಕಳಿಗೆ ನಾನು ಮೊದಲು ಕಲಿಸುವ ತುಳು ‘ಈರೆನ ಪುದರ್ ದಾದ?’, ಅಂದರೆ ನಿಮ್ಮ ಹೆಸರೇನು?

ಮೊನ್ನೆ ಒಬ್ಬಳು ಹಾಗೆ ಕೇಳಿದ್ದಕ್ಕೆ ಅಜ್ಜಿ ಹೆಸರಿನ ಜೊತೆ ಮೂಲ್ಕಿಯ ಮನೆ, ಮುಂಬೈಯಲ್ಲಿರುವ ಮಗ, ಎಲ್ಲ ಕತೆ ಹೇಳಿದರು. ಹುಡುಗಿಗೆ ಅರ್ಧವೂ ಅರ್ಥವಾಗಿರಲಿಕ್ಕಿಲ್ಲ. ಪೂರ್ತಿ ಕೇಳಿಸಿಕೊಂಡು, ಕೈಪಟ್ಟಿಯ ನಂಬರನ್ನು ಚಾರ್ಟಿನ ಜೊತೆ ತಾಳೆ ನೋಡಿ, ಆಮೇಲೆ ಮಾತ್ರೆ ಕೊಟ್ಟಳು.