ಅಜ್ಜನನ್ನು ನಾನು ಏಡಿ ಮಾಡಿದ್ದು

ಕನ್ನಡದ ಕಥೆಗಳನ್ನು ಇಂಗ್ಲಿಷಿಗೆ ತರುವ ಚಟ ನನಗೆ ಹತ್ತಿದ್ದು ಸ್ವಲ್ಪ ತಡವಾಗಿ. ಮೊದಲ ಕಥೆಯಲ್ಲೇ ಮುಗ್ಗರಿಸಿದೆ. ಆ ಕಥೆಯಲ್ಲಿ ಎಲ್ಲರೂ ಓಡುತ್ತಲೇ ಇರುತ್ತಾರೆ. ಹುಡುಗ ಓಡುತ್ತಾನೆ, ನಾಯಿ ಓಡುತ್ತದೆ, ಕರು ಹಗ್ಗ ಕಿತ್ತುಕೊಂಡು ಓಡುತ್ತದೆ. ನಾನು ಎಲ್ಲದಕ್ಕೂ ‘ರ‍್ಯಾನ್ ಕ್ವಿಕ್ಲಿ’ ಅಂತ ಬರೆದಿದ್ದೆ. ಬೇಜಾರು ಬಂದಾಗ ‘ರ‍್ಯಾನ್ ಫಾಸ್ಟ್ಲಿ’. ಓದಿದ ಸಂಪಾದಕರು ಎರಡೇ ಸಾಲು ಬರೆದು ವಾಪಸ್ ಕಳಿಸಿದರು. ಒಂದೇ ಪುಟದಲ್ಲಿ ಆರು ‘ಕ್ವಿಕ್ಲಿ’ ಇದೆ, ಮತ್ತೆ ‘ಫಾಸ್ಟ್ಲಿ’ ಅಂತ ಈಗ ಯಾರೂ ಬರೆಯುವುದಿಲ್ಲ, ಬರೀ ‘ಫಾಸ್ಟ್’ ಸಾಕು.

ಆಮೇಲೆ ನಾನು ಮಾಡಿದ್ದು ಇನ್ನೂ ದೊಡ್ಡ ತಪ್ಪು. ಸಮಾನಾರ್ಥಕ ಪದಗಳ ಕೋಶ ತೆಗೆದೆ. ಡ್ಯಾಶ್, ಡಾರ್ಟ್, ಬೋಲ್ಟ್, ಸ್ಕರಿ, ಸ್ಕಟಲ್, ಹರ್ಟಲ್, ಸ್ಪ್ರಿಂಟ್ ಎಲ್ಲ ಸಿಕ್ಕವು. ಇಸ್ಪೀಟ್ ಎಲೆ ಹಂಚಿದ ಹಾಗೆ ಒಂದೊಂದು ವಾಕ್ಯಕ್ಕೆ ಒಂದೊಂದು ಹಾಕಿದೆ. ಪ್ರಶಸ್ತಿ ತೆಗೆದುಕೊಳ್ಳಲು ವೇದಿಕೆಯ ಕಡೆ ಬೇಗಬೇಗ ನಡೆದ ಅಜ್ಜನ ಪಾಲಿಗೆ ಬಂದದ್ದು ‘ಸ್ಕಟಲ್’. ಅದು ಏಡಿ, ಜಿರಲೆ ಹೋಗುವ ರೀತಿ. ನೆಲಕ್ಕೆ ಅಂಟಿಕೊಂಡ ಹಾಗೆ, ಪುಟ್ಟಪುಟ್ಟ ಹೆಜ್ಜೆಯಲ್ಲಿ, ಯಾರಿಗೋ ಹೆದರಿ ತಪ್ಪಿಸಿಕೊಳ್ಳುವ ಹಾಗೆ. ಚಪ್ಪಾಳೆಯ ನಡುವೆ ನಮ್ಮ ಅಜ್ಜ ಏಡಿಯಾಗಿ ವೇದಿಕೆ ಹತ್ತಿದ. ಓದಿದವರು ನಕ್ಕರು. ನಾನೂ ನಕ್ಕೆ, ಆದರೆ ಎರಡು ದಿನ ಬಿಟ್ಟು.

ಆಗ ತಲೆಗೆ ಹೋದದ್ದು ಇಷ್ಟು. ಕನ್ನಡದಲ್ಲಿ ‘ಓಡಿದ’ ಅನ್ನುವುದು ಒಂದು ಖಾಲಿ ಗಾಡಿ, ಸಾಮಾನೆಲ್ಲ ಅದರ ಹಿಂದೆ ಮುಂದೆ ಇರುತ್ತದೆ. ದಡದಡ ಓಡಿದ, ಚಂಗನೆ ಓಡಿದ, ಸರ್ರನೆ ಹೋದ, ಎದ್ದೆನೋ ಬಿದ್ದೆನೋ ಅಂತ ಓಡಿದ. ಚಿತ್ರ ಬರುವುದು ಆ ಮಾತಿನಿಂದಲೇ ಹೊರತು ಕ್ರಿಯಾಪದದಿಂದ ಅಲ್ಲ. ಇಂಗ್ಲಿಷ್ ಆ ಸಾಮಾನನ್ನು ಕ್ರಿಯಾಪದದ ಹೊಟ್ಟೆಯೊಳಗೇ ತುಂಬಿಬಿಡುತ್ತದೆ, ಯಾವ ಕಡೆ ಹೋದ ಅನ್ನುವುದನ್ನು ಮಾತ್ರ ‘ಔಟ್’, ‘ಅಪ್’, ‘ಅಕ್ರಾಸ್’ ಥರದ ಚಿಕ್ಕ ಪದಗಳಿಗೆ ಬಿಡುತ್ತದೆ. ‘ಓಡಿಕೊಂಡು ಮೆಟ್ಟಿಲು ಹತ್ತಿ ಮೇಲೆ ಹೋದ’ ಅಂತ ನಾವು ಮೂರು ಕ್ರಿಯೆ ಹೇಳಿದರೆ, ಅವರು ‘ಡ್ಯಾಶ್ಡ್ ಅಪ್ ದ ಸ್ಟೇರ್ಸ್’ ಅಂದು ಮುಗಿಸುತ್ತಾರೆ. ಹಾಗಾಗಿ ಕನ್ನಡದ ಕ್ರಿಯಾಪದಕ್ಕೆ ಇಂಗ್ಲಿಷ್ ಕ್ರಿಯಾಪದ ಹುಡುಕುವುದನ್ನು ಬಿಟ್ಟೆ. ‘ದಡದಡ’ಕ್ಕೆ ಏನು, ‘ಚಂಗನೆ’ಗೆ ಏನು ಅಂತ ಹುಡುಕಲು ಶುರು ಮಾಡಿದೆ.

ಒಂದು ನೋಟ್‌ಬುಕ್ ಇಟ್ಟೆ. ಅದರಲ್ಲಿ ಅರ್ಥ ಬರೆಯಲಿಲ್ಲ. ಯಾರು ಓಡುತ್ತಿದ್ದಾರೆ, ಯಾಕೆ, ಎಷ್ಟು ದೂರ, ಇಷ್ಟೇ ಬರೆದೆ.

ಡ್ಯಾಶ್ ಅಂದರೆ ಹತ್ತಿರದ ಗುರಿಗೆ ಒಂದೇ ಉಸಿರಿನ ಓಟ, ಮಳೆ ಬಂದಾಗ ಸೂರಿನ ಕೆಳಗೆ ನುಗ್ಗುವ ಹಾಗೆ. ಡಾರ್ಟ್ ಅಂದರೆ ಮೊದಲು ಕೈಯಿಂದ ಎಸೆಯುವ ಸಣ್ಣ ಈಟಿ, ಅದಕ್ಕೇ ಆ ಓಟ ಚುರುಕು, ಗಿಡ್ಡ, ತಟಕ್ಕನೆ ಆಗುವಂಥದ್ದು. ಮೀನು ಡಾರ್ಟ್ ಮಾಡುತ್ತದೆ, ಹಲ್ಲಿ ಮಾಡುತ್ತದೆ, ಕಣ್ಣುಗಳೂ ಮಾಡುತ್ತವೆ. ಸ್ಕರಿ ಇಲಿಯದ್ದು. ಹರ್ಟಲ್ ಅಂದರೆ ಹಿಡಿತ ತಪ್ಪಿದ ವೇಗ, ಗುಡ್ಡದಿಂದ ಉರುಳಿದ ಬಂಡೆ. ಬೋಲ್ಟ್ ಅಂದರೆ ಹಳೆಯ ಕಾಲದಲ್ಲಿ ಅಡ್ಡಬಿಲ್ಲಿನ ಬಾಣ. ನಿಂತಿದ್ದ ಕುದುರೆ ಬೆಚ್ಚಿಬಿದ್ದು ಕಿತ್ತು ಓಡಿದರೆ ಅದು ಬೋಲ್ಟ್. (2009ರಲ್ಲಿ ಬರ್ಲಿನ್‌ನಲ್ಲಿ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದವರ ಹೆಸರೂ ಬೋಲ್ಟ್. ಇಂಥ ಹೆಸರು ಕಥೆಯಲ್ಲಿ ಇಟ್ಟಿದ್ದರೆ ಸಂಪಾದಕರು ಅತಿಯಾಯಿತು ಅಂತ ಹೊಡೆದುಹಾಕುತ್ತಿದ್ದರು.) ಈ ಬೋಲ್ಟ್‌ನಲ್ಲಿ ಭಯ ಇದೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಒಂದು ಮೀಟಿಂಗ್ ಮುಗಿಯುತ್ತಲೇ ಹೊರಟೆ ಅನ್ನಲು ಮೇಲ್‌ನಲ್ಲಿ ‘ಐ ಬೋಲ್ಟೆಡ್’ ಅಂತ ಬರೆದಿದ್ದೆ. ಅಲ್ಲಿ ಅಂಥದ್ದೇನಾಯ್ತು ಅಂತ ಜೊತೆಯವರು ಫೋನ್ ಮಾಡಿ ಕೇಳಿದರು.

ನನಗೆ ಜಾಸ್ತಿ ಕಾಟ ಕೊಟ್ಟದ್ದು ಮಾತ್ರ ಈ ದೊಡ್ಡ ಪದಗಳಲ್ಲ, ನಮ್ಮ ‘ಬೇಗ’. ‘ಬೇಗ ಬಾ’ ಅಂದರೆ ಏನು? ತಡ ಮಾಡಬೇಡ ಅಂತಲೂ ಆಗುತ್ತದೆ, ಹೊತ್ತಿಗೆ ಮುಂಚೆ ಬಾ ಅಂತಲೂ ಆಗುತ್ತದೆ, ಹೆಜ್ಜೆ ಜೋರಾಗಿ ಹಾಕು ಅಂತಲೂ ಆಗುತ್ತದೆ. ನಮಗೆ ಒಂದೇ ಪದ ಸಾಕು, ಸಂದರ್ಭ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಸೂನ್, ಅರ್ಲಿ, ಕ್ವಿಕ್ಲಿ, ಫಾಸ್ಟ್ ಅಂತ ನಾಲ್ಕು ಬಾಗಿಲು, ಒಂದರ ಬದಲು ಇನ್ನೊಂದು ತಟ್ಟಿದರೆ ಬೇರೆಯವರು ಎದ್ದು ಬರುತ್ತಾರೆ. ‘ನಾಳೆ ಬೇಗ ಬಾ’ ಅನ್ನುವುದನ್ನು ನಾನು ‘ಕಮ್ ಫಾಸ್ಟ್ ಟುಮಾರೋ’ ಅಂತ ಎಷ್ಟು ವರ್ಷ ಹೇಳಿದ್ದೇನೋ, ಲೆಕ್ಕವೇ ಇಲ್ಲ. ಅದು ನಾಳೆ ಓಡಿಕೊಂಡು ಬಾ ಅಂದ ಹಾಗೆ. ಬೇಕಾದದ್ದು ‘ಅರ್ಲಿ’.

ಫಾಸ್ಟ್ ಮತ್ತು ಕ್ವಿಕ್ ನಡುವಿನ ಗೆರೆ ಇನ್ನೂ ತೆಳು. ಸುಮಾರಾಗಿ ಹೇಳಬೇಕೆಂದರೆ ಫಾಸ್ಟ್ ವೇಗದ ಮಾತು, ಕ್ವಿಕ್ ಸಮಯದ ಮಾತು. ಕಾರು ಫಾಸ್ಟ್, ಸ್ನಾನ ಕ್ವಿಕ್. ಒಮ್ಮೆ ಕಣ್ಣು ಹಾಯಿಸುವುದು ‘ಎ ಕ್ವಿಕ್ ಲುಕ್’, ಅದನ್ನು ‘ಫಾಸ್ಟ್ ಲುಕ್’ ಅಂದರೆ ಕಿವಿಗೆ ಕಲ್ಲು ಸಿಕ್ಕಿದ ಹಾಗೆ. ಬೆಳವಣಿಗೆ, ಬದಲಾವಣೆ, ನಾಡಿ ಬಡಿತಕ್ಕೆ ‘ರ‍್ಯಾಪಿಡ್’ ಒಗ್ಗುತ್ತದೆ. ಮಜಾ ಅಂದರೆ ಹಳೆಯ ಇಂಗ್ಲಿಷಿನಲ್ಲಿ ಫಾಸ್ಟ್ ಅಂದರೆ ಅಲುಗಾಡದ್ದು, ಗಟ್ಟಿ ಅಂತ ಅರ್ಥ! ಅದಕ್ಕೇ ಗಾಢ ನಿದ್ದೆ ‘ಫಾಸ್ಟ್ ಅಸ್ಲೀಪ್’, ಬಿಗಿಯುವುದು ‘ಫಾಸನ್’. ಕ್ವಿಕ್ ಅಂದರೆ ಜೀವ ಇರುವುದು. ಪಾದರಸ ‘ಕ್ವಿಕ್‌ಸಿಲ್ವರ್’ ಆದದ್ದು ಹಾಗೆ, ಜೀವ ಬಂದಂತೆ ಹರಿದಾಡುವ ಬೆಳ್ಳಿ. ಇದು ತಿಳಿದ ಮೇಲೆ ಎರಡನ್ನೂ ಕಲಸಿ ಹಾಕುವುದು ತುಂಬ ಕಡಿಮೆಯಾಯಿತು. ಯಾಕೆ ಅಂತ ವಿವರಿಸಲು ಬರುವುದಿಲ್ಲ, ಬೇರು ನೋಡಿದ ಮೇಲೆ ಪದಕ್ಕೆ ಒಂದು ಮುಖ ಬರುತ್ತದೆ, ಅಷ್ಟೆ.

ನುಡಿಗಟ್ಟುಗಳು ಬಂದಾಗ ನನಗೆ ಹಬ್ಬ. ‘ಕಾಲಿಗೆ ಬುದ್ಧಿ ಹೇಳಿದ’ ಅನ್ನುವುದಕ್ಕೆ ‘ಟುಕ್ ಟು ಹಿಸ್ ಹೀಲ್ಸ್’ ಇದೆ, ಎರಡರಲ್ಲೂ ಕಾಲೇ. ‘ಬಿದ್ದಂಬೀಳ’ಕ್ಕೆ ‘ಹೆಲ್ಟರ್‌ಸ್ಕೆಲ್ಟರ್’, ಎರಡೂ ನಾಲಿಗೆಯಲ್ಲೇ ಎಡವುತ್ತವೆ. ‘ನಾಗಾಲೋಟ’ಕ್ಕೆ ‘ಗ್ಯಾಲಪ್’. ಬೆಲೆ ನಮ್ಮಲ್ಲಿ ನಾಗಾಲೋಟದಲ್ಲಿ ಏರುತ್ತದೆ, ಅವರಲ್ಲೂ ಹಣದುಬ್ಬರ ಗ್ಯಾಲಪ್ ಮಾಡುತ್ತದೆ. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ‘ಕ್ಯಾಂಟರ್’ ಬಂದದ್ದು ಕ್ಯಾಂಟರ್‌ಬರಿಗೆ ಹೋಗುತ್ತಿದ್ದ ಯಾತ್ರಿಕರ ಕುದುರೆಗಳ ಹಗುರ ಓಟದಿಂದ. ‘ಪೋಸ್ಟ್ ಹೇಸ್ಟ್’ ಅನ್ನುವುದು 16ನೇ ಶತಮಾನದ ಟಪಾಲಿನದ್ದು, ತುರ್ತು ಪತ್ರದ ಮೇಲೆ ಅಂಚೆಯವನಿಗೆ ‘ಬೇಗ, ಬೇಗ’ ಅಂತ ಬರೆಯುತ್ತಿದ್ದರು. ಇವತ್ತು ಬಳಸಿದರೆ ಸ್ವಲ್ಪ ನಾಟಕದ ವೇಷ ಹಾಕಿಕೊಂಡ ಹಾಗೆ. ‘ಸ್ಟೆಪ್ ಆನ್ ಇಟ್’ ಅಂದರೆ ಆಕ್ಸಿಲರೇಟರ್ ತುಳಿ ಅಂತ. ‘ಚಾಪ್ ಚಾಪ್’ ಹೇಳುವ ಮುಂಚೆ ಎರಡು ಸಲ ಯೋಚಿಸಿ, ಮಕ್ಕಳಿಗೆ ಸರಿ, ದೊಡ್ಡವರಿಗೆ ಅಂದರೆ ಚಿಟಿಕೆ ಹೊಡೆದು ಕರೆದ ಹಾಗೆ ಕೇಳಿಸುತ್ತದೆ.

ಇಷ್ಟಾದರೂ ಒಂದು ಪದ ನನ್ನನ್ನು ಈಗಲೂ ಕೂರಿಸಿಬಿಡುತ್ತದೆ. ‘ಅವಳು ಬಿರಬಿರನೆ ನಡೆದಳು.’ ಸಿಟ್ಟಿದ್ದರೆ ‘ಸ್ಟಾರ್ಮ್ಡ್ ಆಫ್’. ಕೆಲಸದ ಗಡಿಬಿಡಿ ಇದ್ದರೆ ‘ಬಸಲ್ಡ್’. ಸುಮ್ನೆ ಚುರುಕಾಗಿ ನಡೆದಿದ್ದರೆ ‘ವಾಕ್ಡ್ ಬ್ರಿಸ್ಕ್ಲಿ’. ಆದರೆ ಕಥೆ ಬರೆದವರು ಅವಳಿಗೆ ಸಿಟ್ಟು ಬಂದಿದೆಯೋ ಇಲ್ಲವೋ ಅಂತ ಬೇಕೆಂದೇ ಹೇಳದೆ ಬಿಟ್ಟಿರುತ್ತಾರೆ, ಓದುಗ ಮುಂದಿನ ಪುಟದವರೆಗೆ ಕಾಯಲಿ ಅಂತ. ಹೋದ ವಾರ ಇಂಥದ್ದೇ ಒಂದು ಸಾಲು ಬಂತು. ಮೂರನ್ನೂ ಬರೆದೆ, ಮೂರನ್ನೂ ಹೊಡೆದೆ. ಕೊನೆಗೆ ‘ಶಿ ವಾಕ್ಡ್ ಫಾಸ್ಟ್’ ಅಂತ ಇಟ್ಟು ಕಳಿಸಿದ್ದೇನೆ.