ಮಾಡೆಲ್ ನಿಂತುಹೋದ ಬ್ರಶ್ ಕಟರ್‌ಗೆ ಮನೆಯಲ್ಲೇ ಮಾಡಿಕೊಂಡ ಬಿಡಿಭಾಗಗಳು

ಹುಲ್ಲು ಹೊಡೆಯುವ ಮಿಷನ್ನಿನ ಮಾಡೆಲ್ ನಿಂತುಹೋಯಿತು ಅಂದಮಾತ್ರಕ್ಕೆ ಅದರ ಒಳಗಿನದೆಲ್ಲ ನಿಂತುಹೋಯಿತು ಅಂತಲ್ಲ. ಬೇರಿಂಗಿನ ಮೈಮೇಲೆ 6201 ಅಂತಿದ್ದರೆ ಒಳವ್ಯಾಸ 12 ಮಿ.ಮೀ., ಹೊರವ್ಯಾಸ 32, ದಪ್ಪ 10. ಯಾವ ಕಂಪನಿಯದಾದರೂ ಇಷ್ಟೇ. ಆಯಿಲ್ ಸೀಲಿನ ಮೇಲೂ ಸಾಮಾನ್ಯವಾಗಿ ಇಂಥದೇ ಮೂರು ಅಳತೆ ಇರುತ್ತದೆ. ಕಾರ್ಬೋರೇಟರ್ ಮಾಡುವವರು ಬೇರೆ, ಮಿಷನ್ ಮಾಡುವವರು ಬೇರೆ. ಕಾರ್ಬೋರೇಟರಿನ ಮೈಮೇಲಿನ ನಂಬರ್ ತೋರಿಸಿದರೆ ಅದರೊಳಗಿನ ತೆಳು ಪೊರೆಗಳ ಡಯಾಫ್ರಾಂ ಕಿಟ್ ಹೆಚ್ಚಿನ ಸಲ ಸಿಕ್ಕಿಬಿಡುತ್ತದೆ. ಇವನ್ನೆಲ್ಲ ಮನೆಯಲ್ಲಿ ಮಾಡುವ ಗೋಜಿಗೆ ಹೋಗಬಾರದು. ನಾನು ಮಾಡಿಕೊಂಡದ್ದು ಕಂಪನಿಯವರು ಆ ಒಂದು ಮಾಡೆಲ್ಲಿಗೆಂದೇ ಅಚ್ಚು ಹಾಕಿಸಿದ್ದ ಭಾಗಗಳನ್ನು ಮಾತ್ರ: ಸಿಲಿಂಡರಿಗೂ ಕಾರ್ಬೋರೇಟರಿಗೂ ನಡುವೆ ಕೂರುವ ಕಪ್ಪು ಬ್ಲಾಕ್, ಅದರ ಎರಡೂ ಮುಖಕ್ಕೆ ಸೋರದಂತೆ ಇಡುವ ಪ್ಯಾಕಿಂಗ್‌ಗಳು (ಗ್ಯಾಸ್ಕೆಟ್), ಅದುರು ತಡೆಯುವ ಬುಶ್, ಸ್ಟಾರ್ಟರ್ ಸ್ಪ್ರಿಂಗಿನ ಕೊಕ್ಕೆ.

ಹೆಚ್ಚು ಕೆಲಸ ಕೇಳುವುದು ಬ್ಲಾಕ್. ನೋಡಲು ತೂತು ಬಿದ್ದ ತುಂಡು ಅಷ್ಟೇ, ಮಾಡುವ ಕೆಲಸ ಮಾತ್ರ ಮೂರು. ಸಿಲಿಂಡರಿನ ಬಿಸಿ ಕಾರ್ಬೋರೇಟರಿಗೆ ಹತ್ತದಂತೆ ತಡೆಯುತ್ತದೆ, ಹೊರಗಿನ ಗಾಳಿಯನ್ನು ಒಳಗೆ ಬಿಡುವುದಿಲ್ಲ, ಕ್ರ್ಯಾಂಕ್‌ಕೇಸಿನ ಒತ್ತಡದ ಬಡಿತವನ್ನು ಸಣ್ಣ ತೂತಿನ ಮೂಲಕ ಕಾರ್ಬೋರೇಟರಿನ ಪಂಪಿಗೆ ಮುಟ್ಟಿಸುತ್ತದೆ. ಅಲ್ಯೂಮಿನಿಯಂನಲ್ಲಿ ಮಾಡಿದರೆ ಬಿಸಿ ದಾಟಿ, ಊಟಕ್ಕೆಂದು ನಿಲ್ಲಿಸಿದ ಮಿಷನ್ ಮತ್ತೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ತ್ರೀಡಿ ಪ್ರಿಂಟಿನ ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತದೆ. ಅದು ಅಳತೆ ನೋಡುವ ಮಾದರಿಗೆ ಸಾಕು, ಓಡುವ ಮಿಷನ್ನಿಗಲ್ಲ. ಇಲ್ಲಿಗೆ ಸರಿಯಾದದ್ದು ಎಲೆಕ್ಟ್ರಿಕಲ್ ಪ್ಯಾನೆಲ್ ಮಾಡುವವರು ಬಳಸುವ, ಪದರಗಳನ್ನು ರಾಳದಲ್ಲಿ ಒತ್ತಿ ಮಾಡಿದ ಗಟ್ಟಿ ಹೈಲಮ್ ಶೀಟ್. ಅದರಲ್ಲಿ ಕಾಗದದ್ದು, ಬಟ್ಟೆಯದು ಎಂದು ಎರಡು ಬಗೆ. ಬಟ್ಟೆಯದನ್ನೇ ಕೇಳಿ ತರಬೇಕು. ಕಾಗದದ್ದು ಅಂಚಿನ ಹತ್ತಿರ ತೂತು ಹಾಕುವಾಗ ಪದರ ಬಿಡುತ್ತದೆ.

ಹಳೆಯ ಬ್ಲಾಕ್ ಸೊಟ್ಟಗಾಗಿದ್ದರೆ ಅದರಿಂದ ಅಳತೆ ತೆಗೆಯಬಾರದು. ದೀಪದ ಮಸಿಗೆ ಎರಡು ಹನಿ ಹರಳೆಣ್ಣೆ ಕಲಸಿ ಸಿಲಿಂಡರಿನ ಮುಖಕ್ಕೆ ತೆಳುವಾಗಿ ಸವರಿ, ಕಾಗದ ಒತ್ತಿದರೆ ಪೋರ್ಟ್ (ಗಾಳಿ-ಪೆಟ್ರೋಲ್ ಒಳಹೋಗುವ ದೊಡ್ಡ ತೂತು), ಬೋಲ್ಟಿನ ತೂತು, ಬಡಿತದ ತೂತು ಎಲ್ಲವೂ ಅಚ್ಚಾಗುತ್ತವೆ. ಬೋಲ್ಟ್ ತೂತುಗಳ ನಡುವಿನ ಅಂತರವನ್ನು ಕಣ್ಣಂದಾಜಿನಲ್ಲಿ ನಡುವಿನಿಂದ ನಡುವಿಗೆ ಅಳೆಯಲು ಹೋದರೆ ಅರ್ಧ ಮಿ.ಮೀ. ತಪ್ಪುವುದು ಖಂಡಿತ. ವರ್ನಿಯರಿನಲ್ಲಿ ಎರಡೂ ತೂತಿನ ಹೊರ ಅಂಚುಗಳ ಅಳತೆ ತೆಗೆದು, ಅದರಿಂದ ಒಂದು ತೂತಿನ ವ್ಯಾಸ ಕಳೆಯಬೇಕು. ಹೊರಅಳತೆ 36.2, ತೂತು 5.2 ಆದರೆ ನಡುವಿನ ಅಂತರ 31.

ಎಂ5 ಬೋಲ್ಟಿಗೆ 5.5 ಮಿ.ಮೀ. ತೂತು ಹಾಕಿದೆ. ಕೆಳಗೆ ಮರದ ಹಲಗೆ ಇಡಬೇಕು, ಡ್ರಿಲ್ ನಿಧಾನ ತಿರುಗಬೇಕು, ಮೂಗಿಗೆ ಮಾಸ್ಕ್ ಬೇಕೇ ಬೇಕು. ಆ ಧೂಳು ಒಳ್ಳೆಯದಲ್ಲ. ಪೋರ್ಟಿಗೆ ಸುತ್ತ ಸಣ್ಣ ತೂತುಗಳನ್ನು ಸಾಲಾಗಿ ಹಾಕಿ, ನಡುವಿನದನ್ನು ಬೀಳಿಸಿ, ಅರ್ಧ ದುಂಡಿನ ಅರದಿಂದ ಗೆರೆಯವರೆಗೆ ಉಜ್ಜಬೇಕು. ಆಮೇಲೆ ಮುಖ ಸಮ ಮಾಡುವ ಕೆಲಸ. ದಪ್ಪ ಕಿಟಕಿ ಗಾಜಿನ ಮೇಲೆ 220ರ ಎಮೆರಿ ಪೇಪರ್ ಹಾಸಿ, ಬ್ಲಾಕಿನ ಮುಖಕ್ಕೆ ಪೆನ್ಸಿಲಿನಲ್ಲಿ ಅಡ್ಡಾದಿಡ್ಡಿ ಗೆರೆ ಎಳೆದು, ಎಂಟರ ಆಕಾರದಲ್ಲಿ ಉಜ್ಜುತ್ತಾ ಹೋಗಬೇಕು. ಎಲ್ಲೋ ಒಂದು ಮೂಲೆಯಲ್ಲಿ ಗೆರೆ ಉಳಿದಿದೆ ಅಂದರೆ ಗಾಳಿ ನುಗ್ಗುವ ಜಾಗ ಅದೇ. ಕೊನೆಗೆ 400ರಲ್ಲಿ ಒಂದು ಕೈ.

ಪ್ಯಾಕಿಂಗಿಗೆ ಅರ್ಧ ಮಿ.ಮೀ. ಪ್ಯಾಕಿಂಗ್ ಶೀಟ್. ಮೊದಲು ತೂತುಗಳನ್ನು ಪಂಚಿನಲ್ಲಿ ಹೊಡೆದು ಆಮೇಲೆ ಹೊರ ಅಂಚು ಕತ್ತರಿಸಬೇಕು. ತಿರುವುಮುರುವಾದರೆ ಅಂಚಿಗೂ ತೂತಿಗೂ ನಡುವಿನ ಸಣ್ಣ ಪಟ್ಟಿ ಹರಿಯುತ್ತದೆ. ಸಿಲಿಂಡರಿನ ಮೇಲೇ ಶೀಟ್ ಇಟ್ಟು ಸುತ್ತಿಗೆಯಲ್ಲಿ ಅಂಚು ತಟ್ಟಿ ಕತ್ತರಿಸುವ ಗ್ಯಾರೇಜ್ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಅಲ್ಯೂಮಿನಿಯಂ ಅಂಚು ದುಂಡಗಾಗುತ್ತದೆ, ಚೂರು ಪೋರ್ಟಿನೊಳಗೆ ಬೀಳುತ್ತದೆ.

ಇಲ್ಲಿ ಬಹಳ ಜನ ಎಡವುವುದು ಬಡಿತದ ತೂತಿನಲ್ಲಿ. ಬ್ಲಾಕಿನಲ್ಲಿ ಹಾಕಿ, ಎರಡು ಪ್ಯಾಕಿಂಗಿನಲ್ಲಿ ಒಂದಕ್ಕೆ ಹಾಕಲು ಮರೆಯುತ್ತಾರೆ. ಲಕ್ಷಣ ಖಚಿತ: ಪ್ರೈಮರ್ (ಕಾರ್ಬೋರೇಟರಿಗೆ ಪೆಟ್ರೋಲ್ ತುಂಬಿಸುವ ರಬ್ಬರ್ ಗುಂಡಿ) ಒತ್ತಿ ಹಗ್ಗ ಎಳೆದರೆ ಎಂಜಿನ್ ಹತ್ತುತ್ತದೆ, ಕೆಲವು ಸೆಕೆಂಡ್ ಓಡಿ ಸಾಯುತ್ತದೆ, ಮತ್ತೆ ಪ್ರೈಮರ್ ಒತ್ತಿದರೆ ಮತ್ತೆ ಅಷ್ಟೇ. ಕಾರ್ಬೋರೇಟರ್ ಬಿಚ್ಚಿ ತೊಳೆದು ಪ್ರಯೋಜನವಿಲ್ಲ, ಪಂಪಿಗೆ ಬಡಿತವೇ ಮುಟ್ಟುತ್ತಿಲ್ಲ.

ಪ್ಯಾಕಿಂಗಿಗೆ ಏನನ್ನೂ ಸವರಬೇಡಿ. ಸಿಲಿಕೋನ್ ಪೇಸ್ಟ್ ಪೆಟ್ರೋಲಿನಲ್ಲಿ ಉಬ್ಬಿ ಎಳೆಯಾಗಿ ಕಳಚಿ ಎಂಜಿನ್ನಿನ ಒಳಗೆ ಹೋಗುತ್ತದೆ. ಶೆಲ್ಯಾಕ್ ಅಂದರೆ ಅರಗು, ಅದು ಆಲ್ಕೋಹಾಲಿನಲ್ಲಿ ಕರಗುವ ವಸ್ತು. ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಎಂಬ ಆಲ್ಕೋಹಾಲೇ ಇರುವಾಗ ಅದನ್ನು ನಂಬುವುದು ಹೇಗೆ? ಮುಖ ಸಮವಾಗಿದ್ದರೆ ಒಣ ಪ್ಯಾಕಿಂಗೇ ಸಾಕು.

ಸ್ಟಾರ್ಟ್ ಮಾಡುವ ಮೊದಲು ಗಾಳಿ ಪರೀಕ್ಷೆ ಮಾಡಲೇಬೇಕು. ಸಣ್ಣ ಸೋರಿಕೆಯಿದ್ದರೂ ಗಾಳಿ ಹೆಚ್ಚಾಗಿ, ಪೆಟ್ರೋಲಿನ ಜೊತೆ ಬರುವ ಎಣ್ಣೆ ಕಡಿಮೆಯಾಗಿ ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿಕೊಂಡು ಸೀಜ್ ಆಗುತ್ತದೆ. ಇದಕ್ಕೆ ನಾನು ಬಳಸುವುದು ಬಿ.ಪಿ. ನೋಡುವ ಉಪಕರಣದ ಬಲ್ಬು ಮತ್ತು ಡಯಲ್. ಕಾರ್ಬೋರೇಟರ್ ಜಾಗಕ್ಕೆ 3 ಮಿ.ಮೀ. ಅಲ್ಯೂಮಿನಿಯಂ ತಗಡು, ಅದರಡಿ ಟ್ಯೂಬಿನ ರಬ್ಬರ್, ಪೋರ್ಟಿನ ಎದುರಿಗೆ ಒಂದು ನಿಪ್ಪಲ್. ಸೈಲೆನ್ಸರ್ ಅಡಿಗೂ ಲಾರಿ ಟ್ಯೂಬಿನ ತುಂಡಿಟ್ಟು ಬಿಗಿಯಬೇಕು. ಪ್ಲಗ್ ಹಾಕಿರಲಿ, ಪಿಸ್ಟನ್ ಮೇಲಿರಲಿ. ಪಿಸ್ಟನ್ ಕೆಳಗಿದ್ದರೆ ಅದೇ ಒಳಬರುವ ಪೋರ್ಟನ್ನು ಮುಚ್ಚಿಕೊಂಡಿರುತ್ತದೆ. ಡಯಲಿನ ಮುಳ್ಳು 250ಕ್ಕೆ ಬರುವವರೆಗೆ ಗಾಳಿ ಒತ್ತಿ, ಸಾಬೂನಿನ ನೀರು ಹಚ್ಚಿ ನೋಡಬೇಕು. ಒಂದು ನಿಮಿಷದಲ್ಲಿ ಮುಳ್ಳು ಹತ್ತಕ್ಕಿಂತ ಹೆಚ್ಚು ಇಳಿದರೆ ನಾನು ಮುಂದಕ್ಕೆ ಹೋಗುವುದಿಲ್ಲ. ಒಂದು ಮಾತು: ಸವೆದ ಆಯಿಲ್ ಸೀಲ್ ಒಳಗಿನ ಒತ್ತಡಕ್ಕೆ ಅಂಟಿಕೊಂಡು ಪಾಸಾಗಿ, ಎಂಜಿನ್ ಗಾಳಿ ಹೀರುವಾಗಿನ ಎಳೆತಕ್ಕೆ ಮಾತ್ರ ಸೋರಬಹುದು. ಈ ಪರೀಕ್ಷೆ ದಾಟಿಯೂ ಐಡಲ್ (ಆಕ್ಸಲರೇಟರ್ ಒತ್ತದಿರುವಾಗಿನ ಓಟ) ಏರಿಳಿಯುತ್ತಿದ್ದರೆ ಸೀಲನ್ನೇ ಅನುಮಾನಿಸಿ.

ಸಿಲಿಂಡರ್ ಬುಡದ ಪ್ಯಾಕಿಂಗ್ ಮಾಡುವುದಾದರೆ ದಪ್ಪವೇ ಮುಖ್ಯ. ಪ್ಲಗ್ ತೂತಿನಿಂದ 1.2 ಮಿ.ಮೀ. ಸೋಲ್ಡರ್ ತಂತಿಯನ್ನು ಪಿಸ್ಟನ್ ಪಿನ್ನಿನ ತುದಿ ಇರುವ ಕಡೆಯ ಗೋಡೆಗೆ ತಾಗುವಂತೆ ಇಳಿಸಿ, ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಚಪ್ಪಟೆಯಾದ ತುದಿಯನ್ನು ಅಳೆಯಬೇಕು. ಪಿಸ್ಟನ್ನಿಗೂ ಸಿಲಿಂಡರಿನ ತಲೆಗೂ ನಡುವಿನ ಸಂದು ಅದೇ. 0.5ರಿಂದ 0.8 ಒಳ್ಳೆಯದು. ಅದಕ್ಕಿಂತ ಕಡಿಮೆಯಾದರೆ ವೇಗದಲ್ಲಿ ಪಿಸ್ಟನ್ ಸಿಲಿಂಡರಿನ ತಲೆಗೆ ಬಡಿಯಬಹುದು. ಹೆಚ್ಚಾದರೆ ಎಂಜಿನ್ ಶಕ್ತಿ ಇಳಿಯುತ್ತದೆ.

ಅದುರು ತಡೆಯುವ ಬುಶ್ಶಿಗೆ ಎರಡು ದ್ರವ ಬೆರೆಸುವ ಪಾಲಿಯುರಿಥೇನ್ ಎರಕ. ಗಡಸುತನ ಶೋರ್ ಎ 60ರ ಆಸುಪಾಸು, ಅಂದರೆ ಹೆಚ್ಚುಕಡಿಮೆ ಟೈರಿನ ರಬ್ಬರಿನಷ್ಟು. ಪಿವಿಸಿ ಪೈಪಿನ ತುಂಡೇ ಅಚ್ಚು, ಒಳಗೆ ಮೇಣದ ಪಾಲಿಶ್ ಸವರಿ. ನಡುವಿನ ಕಬ್ಬಿಣದ ಸ್ಲೀವನ್ನು ಎಮೆರಿಯಲ್ಲಿ ಉಜ್ಜಿ ಅಸಿಟೋನಿನಲ್ಲಿ ಒರೆಸದಿದ್ದರೆ ಎರಕ ಅಂಟುವುದಿಲ್ಲ. ದ್ರವಗಳನ್ನು 0.1 ಗ್ರಾಂ ತೋರಿಸುವ ತಕ್ಕಡಿಯಲ್ಲೇ ತೂಗಬೇಕು, ಚಮಚದ ಲೆಕ್ಕ ನಡೆಯದು. ಅನುಪಾತ ತಪ್ಪಿದರೆ ಎಷ್ಟು ದಿನವಾದರೂ ಅಂಟಂಟಾಗಿಯೇ ಉಳಿಯುತ್ತದೆ. ಇನ್ನೊಂದು ಶತ್ರು ತೇವ. ಈ ರಾಸಾಯನಿಕ ನೀರಿನ ಅಂಶ ಸಿಕ್ಕರೆ ಗ್ಯಾಸ್ ಬಿಟ್ಟು ಇಡ್ಲಿಯಂತೆ ಉಬ್ಬುತ್ತದೆ, ಆದ್ದರಿಂದ ಮಲೆನಾಡಿನ ಆಷಾಢದಲ್ಲಿ ಎರಕ ಹೊಯ್ಯುವ ಸಾಹಸ ಬೇಡ. ಒಂದು ದಿನ ಬಿಟ್ಟು ಅಚ್ಚಿನಿಂದ ತೆಗೆದರೂ ಮಿಷನ್ನಿಗೆ ಹಾಕಲು ಒಂದು ವಾರ ಕಾಯಿರಿ.

ಸ್ಟಾರ್ಟರ್ ಸ್ಪ್ರಿಂಗ್ ಮುರಿಯುವುದು ಹೆಚ್ಚಾಗಿ ಕೊಕ್ಕೆಯ ಹತ್ತಿರ. ಕನ್ನಡಕ, ಕೈಗವಸು ಹಾಕಿಯೇ ಬಿಚ್ಚಿ. ತುದಿಯ 10 ಮಿ.ಮೀ. ಬಿಟ್ಟು ಉಳಿದದ್ದನ್ನು ಇಕ್ಕಳದಲ್ಲಿ ಹಿಡಿದು, ತುದಿ ಕೆಂಪಗೆ ಕಾದಾಗಲೇ ಬಗ್ಗಿಸಿ, ಗಾಳಿಯಲ್ಲಿ ತಾನಾಗಿ ಆರಲು ಬಿಡಬೇಕು. ನೀರಿಗೆ ಅದ್ದಿದರೆ ಗಾಜಿನಂತೆ ಪಟಕ್ಕೆಂದು ಮುರಿಯುತ್ತದೆ. ಜೋಡಿಸಿದ ಮೇಲೆ ಹಗ್ಗವನ್ನು ಪೂರ್ತಿ ಎಳೆದು ನೋಡಿ. ಆಗಲೂ ಪುಲ್ಲಿ ಕನಿಷ್ಠ ಅರ್ಧ ಸುತ್ತು ತಿರುಗುವಂತಿರಬೇಕು. ಇಲ್ಲದಿದ್ದರೆ ಪ್ರತಿ ಎಳೆತವೂ ಹೊಸ ಕೊಕ್ಕೆಯನ್ನೇ ಜಗ್ಗುತ್ತದೆ.

ಬ್ಲೇಡು, ಅದನ್ನು ಹಿಡಿಯುವ ನಟ್ಟು ಮತ್ತು ಅಡಾಪ್ಟರ್, ಕ್ಲಚ್ ಡ್ರಮ್ಮು, ಫ್ಲೈವೀಲು ಇವನ್ನು ಮಾಡುವುದಿಲ್ಲ, ವೆಲ್ಡಿಂಗನ್ನೂ ಮಾಡಿಸುವುದಿಲ್ಲ. 255 ಮಿ.ಮೀ. ಬ್ಲೇಡ್ ನಿಮಿಷಕ್ಕೆ 7,000 ಸುತ್ತು ತಿರುಗುವಾಗ ಅದರ ಅಂಚು ಸೆಕೆಂಡಿಗೆ ಸುಮಾರು 93 ಮೀಟರ್ ಓಡುತ್ತಿರುತ್ತದೆ. ಅವು ಸಿಗದಿದ್ದರೆ ಮಿಷನ್ನೇ ಮೂಲೆಗೆ.

ಬ್ಲಾಕ್ ಹಾಕಿದ ಮೇಲೆ ಹತ್ತು ನಿಮಿಷ ಓಡಿಸಿ, ಪೂರ್ತಿ ಆರಿದ ನಂತರ ಅದರ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಯಬೇಕು. ಹೊಸ ಪ್ಯಾಕಿಂಗ್ ಕುಗ್ಗಿರುತ್ತದೆ. ಅಲೆನ್ ಕೀಯ ಗಿಡ್ಡ ತೋಳನ್ನು ಎರಡು ಬೆರಳಲ್ಲಿ ತಿರುಗಿಸುವಷ್ಟು ಬಲ ಸಾಕು. ಹೆಚ್ಚು ಬಿಗಿದರೆ ಸಿಲಿಂಡರಿನ ಮರೆಯೇ (ಬೋಲ್ಟ್ ತೂತಿನ ಥ್ರೆಡ್) ಕಿತ್ತು ಬರುತ್ತದೆ.